ಅಜ್ಜಿಯ ಪೆಟ್ಟಿಗೆ ತುಂಬಾ ಹಳೆ ಕಾಗದ, ಇಸವಿಯೂ ಇಲ್ಲ ಹೆಸರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹಳೆಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆ ನನ್ನ ಕೈಗೆ ಬಂತು. ಒಳಗೆ ದಾರ ಸುತ್ತಿದ ಕಾಗದದ ಕಟ್ಟುಗಳು, ಪೇಪರ್ ಕಟಿಂಗ್‌ಗಳು, ಕೆಲವು ಫೋಟೋ, ನಿಂತುಹೋದ ಒಂದು ಕೈಗಡಿಯಾರ. ಕಾಗದಗಳಲ್ಲಿ ಇಸವಿ ಇರೋದೇ ಅಪರೂಪ. ಒಂದರ ಮೇಲೆ "ಮಂಗಳವಾರ, ಮಾರ್ಚ್ 9" ಅಂತಷ್ಟೇ ಇದೆ, ಕೆಳಗೆ ಸಹಿ ಅಂತ ಒಂದೇ ಅಕ್ಷರ. ಒಂದು ಕಟಿಂಗ್‌ನಲ್ಲಿ ಓಟದ ಪಂದ್ಯ ಗೆದ್ದವರ ಚಿತ್ರ ಇದೆ, ಯಾವ ಪತ್ರಿಕೆ, ಯಾವ ವರ್ಷ ಒಂದೂ ತಿಳಿಯುತ್ತಿಲ್ಲ. ಅಪ್ಪನಿಗೆ ಅರ್ಧಂಬರ್ಧ ನೆನಪು. ಚಿಕ್ಕಜ್ಜಿ ಇದ್ದಾರೆ, ಆದರೆ ತುಂಬಾ ವಯಸ್ಸಾಗಿದೆ. ಎಲ್ಲ ಬಿಚ್ಚಿ, ವರ್ಷದ ಪ್ರಕಾರ ಜೋಡಿಸಿ, ಒಂದು ಆಲ್ಬಮ್ಮಿಗೆ ಅಂಟಿಸೋಣ ಅಂತಿದ್ದೇನೆ. ಇಂಥ ಕೆಲಸ ಮಾಡಿದವರು ಹೇಳಿ, ಇದು ಸರಿಯಾದ ದಾರಿನಾ?

ಕಾಗದಪ್ರಿಯ:
ದಯವಿಟ್ಟು ದಾರ ಈಗಲೇ ಬಿಚ್ಚಬೇಡಿ. ಯಾವ ಕಾಗದ ಯಾವುದರ ಪಕ್ಕ ಇತ್ತು ಅನ್ನೋದೇ ಒಂದು ಸಾಕ್ಷಿ. ಇಸವಿ ಇಲ್ಲದ ಕಾಗದ, ಇಸವಿ ಇರುವ ಎರಡು ಕಾಗದಗಳ ನಡುವೆ ಸಿಕ್ಕರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಮೊದಲು ಪೆಟ್ಟಿಗೆ ಹೇಗಿದೆಯೋ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಒಂದೊಂದೇ ಕಟ್ಟು ಬಿಚ್ಚಿ, ಪ್ರತಿ ಕಾಗದಕ್ಕೂ ನಂಬರ್ ಕೊಡಿ. ನಂಬರನ್ನು ಮೆತ್ತನೆ ಪೆನ್ಸಿಲ್‌ನಲ್ಲಿ ಮೂಲೆಯಲ್ಲಿ ಬರೆಯಿರಿ, ಪೆನ್ನು ಬೇಡ. ಲಕೋಟೆಯನ್ನೂ ಕಾಗದವನ್ನೂ ಬೇರೆ ಮಾಡಲೇಬೇಡಿ. ಬರೆದವರು ಇಸವಿ ಹಾಕದಿದ್ದರೂ ಅಂಚೆಯವರ ಮುದ್ರೆಯಲ್ಲಿ ಊರು, ತಾರೀಕು ಇರುತ್ತೆ. ಹಳೆ ಕಾಗದಗಳಿಗೆ ತಲುಪಿದ ಊರಿನಲ್ಲೂ ಹಿಂಬದಿಗೆ ಮುದ್ರೆ ಒತ್ತಿರೋದುಂಟು, ತಿರುಗಿಸಿ ನೋಡಿ.

ನಿಮ್ಮ ಮಂಗಳವಾರದ ಕಾಗದಕ್ಕೆ ಕ್ಯಾಲೆಂಡರ್ ಸಾಕು. ಒಂದು ತಾರೀಕು ಅದೇ ವಾರಕ್ಕೆ ಮತ್ತೆ ಬರೋದು ಸಾಮಾನ್ಯವಾಗಿ 5, 6 ಇಲ್ಲವೇ 11 ವರ್ಷಕ್ಕೆ. 1940ರಿಂದ 1960ರವರೆಗೆ ಮಾರ್ಚ್ 9 ಮಂಗಳವಾರ ಬಿದ್ದಿದ್ದು ಮೂರೇ ಸಲ: 1943, 1948, 1954. ಈಗ ಕಾಗದದ ಒಳಗೆ ಹುಡುಕಿ. "ಮಗು ಗೋಡೆ ಹಿಡಿದು ನಡೀತಿದೆ" ಅಂತ ಒಂದು ಸಾಲು ಸಿಕ್ಕಿ, ಆ ಮಗು ಹುಟ್ಟಿದ ವರ್ಷ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ, ಮೂರರಲ್ಲಿ ಎರಡು ಬಿದ್ದುಹೋಗುತ್ತವೆ. ಒಂದಕ್ಷರದ ಸಹಿಗೆ ಕೈಬರಹ ನೋಡಿ. ಪೂರ್ತಿ ಹೆಸರು ಹಾಕಿರುವ ಬೇರೆ ಕಾಗದ ಪಕ್ಕಕ್ಕಿಟ್ಟು, ಒತ್ತಕ್ಷರ ಹೇಗೆ ಎಳೆದಿದ್ದಾರೆ, ಅಂಕಿ ಹೇಗೆ ಬರೆದಿದ್ದಾರೆ ಅಂತ ಹೋಲಿಸಿ. ಅಂಕಿಗಳು ತುಂಬಾ ಚೆನ್ನಾಗಿ ಗುಟ್ಟು ಬಿಟ್ಟುಕೊಡುತ್ತವೆ.

ಕಟಿಂಗ್ ಇದೆಯಲ್ಲ, ಅದರ ಹಿಂಬದಿ ಓದಿದ್ದೀರಾ? ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು. ಅಲ್ಲಿ ಅರ್ಧ ತುಂಡಾದ ಜಾಹೀರಾತು, ಟೆಂಡರ್ ನೋಟಿಸು, ಸಿನಿಮಾ ಹೆಸರು, ಯಾವುದೋ ಚುನಾವಣೆಯ ಸಾಲು ಇರುತ್ತೆ. ಸಿನಿಮಾ ಬಿಡುಗಡೆಯಾದ ವರ್ಷ ಹುಡುಕಿದರೆ ಸಿಗುತ್ತೆ. ಕತ್ತರಿ ಆಡಿದ ಅಂಚನ್ನೂ ಗಮನಿಸಿ. ಯಾವ ಬದಿಯ ಸುದ್ದಿ ಪೂರ್ತಿಯಾಗಿ ಉಳಿದಿದೆಯೋ ಅದಕ್ಕೇ ಕತ್ತರಿಸಿದ್ದು. ಒಮ್ಮೊಮ್ಮೆ ನಾವು ಮುಂಬದಿ ಅಂದುಕೊಂಡಿದ್ದು ಹಿಂಬದಿಯಾಗಿರುತ್ತೆ.

ಮಸಿಕುಡಿಕೆ:
ಅಂಟಿಸೋ ಯೋಚನೆ ಪೂರ್ತಿ ಬಿಡಿ. ಸೆಲ್ಲೋಟೇಪೂ ಬೇಡ, ಲ್ಯಾಮಿನೇಷನ್ನೂ ಬೇಡ. ಟೇಪಿನ ಗೋಂದು ವರ್ಷ ಕಳೆದಂತೆ ಕಂದು ಕಲೆಯಾಗಿ ಕಾಗದದ ಒಳಗೇ ಇಳಿಯುತ್ತೆ, ಲ್ಯಾಮಿನೇಟ್ ಮಾಡಿದ್ದನ್ನು ಹಾನಿಯಾಗದಂತೆ ಬಿಡಿಸೋದು ಕಷ್ಟ. ಪತ್ರಿಕೆಯ ಕಾಗದ ಮರದ ತಿರುಳಿನದು. ಅದರಲ್ಲಿ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ವಸ್ತು) ಜಾಸ್ತಿ, ಹಾಗಾಗಿ ಬೆಳಕಿಗೆ ಹಳದಿಯಾಗುತ್ತೆ, ಆಮ್ಲ ಬಿಡುತ್ತೆ, ಪಕ್ಕದ ಕಾಗದಕ್ಕೂ ಕಲೆ ಹತ್ತಿಸುತ್ತೆ. ಕಟಿಂಗ್‌ಗಳನ್ನು ಇವತ್ತೇ ಬೇರೆ ಕವರಿಗೆ ಹಾಕಿ, ಆಮ್ಲರಹಿತ ಕಾಗದದ ಕವರ್ ಸಿಕ್ಕರೆ ಒಳ್ಳೇದು. ಪಿವಿಸಿ ಅನ್ನೋ ಪ್ಲಾಸ್ಟಿಕ್ಕಿನ ಕವರ್ ಬೇಡ. ತುಕ್ಕು ಹಿಡಿದ ಪಿನ್ನು ಇದ್ದರೆ ಎಳೆಯಬೇಡಿ, ನಿಧಾನ ಸಡಿಲಿಸಿ.

ಮಾಸಿದ ಅಕ್ಷರಕ್ಕೆ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒತ್ತಿ ಬರೆದ ಗುರುತು ನೆರಳಾಗಿ ಏಳುತ್ತೆ. ಹಾಗೇ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿ. ಸ್ಕ್ಯಾನ್ ಮಾಡೋದಾದರೆ ಕಾಗದಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸಾಕು, ಫೋಟೋಗೆ 600. ಗಡಿಯಾರದ ಹಿಂಮುಚ್ಚಳವನ್ನು ರಿಪೇರಿ ಬಲ್ಲವರ ಕೈಲಿ ತೆಗೆಸಿ. ಒಳಗೆ ಸೀರಿಯಲ್ ನಂಬರ್ ಇರಬಹುದು, ಹಿಂದೆ ರಿಪೇರಿ ಮಾಡಿದವರು ಮೊನೆಯಿಂದ ಗೀಚಿದ ಗುರುತೂ ಇರಬಹುದು. ಸೀರಿಯಲ್ ನಂಬರ್ ಹೇಳೋದು ಗಡಿಯಾರ ತಯಾರಾದ ಕಾಲ ಮಾತ್ರ, ಅದು ನಿಮ್ಮ ಮನೆಗೆ ಬಂದ ಕಾಲ ಅಲ್ಲ.

ಹಳೆಪೆಟ್ಟಿಗೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಟ್ಟುಗಳ ಫೋಟೋ ತೆಗೆದು, ಮೇಲಿನ ಒಂದು ಕಟ್ಟು ಮಾತ್ರ ಓದಿದೆ. ಅದರಲ್ಲಿ ತಾತನಿಗೆ ಒಬ್ಬ ತಮ್ಮ ಇದ್ದರು, ಜಗಳವಾಡಿ ಮನೆ ಬಿಟ್ಟು ಹೋದರು ಅನ್ನೋ ಥರ ಇದೆ. ನಮ್ಮ ಮನೆಯಲ್ಲಿ ಈ ಹೆಸರನ್ನು ಯಾರೂ ಎತ್ತಿದ್ದೇ ಇಲ್ಲ. ಚಿಕ್ಕಜ್ಜಿಗೆ ಕೇಳಬಹುದಾ, ಅಥವಾ ಸುಮ್ನೆ ಇರಲಾ?

ಬೇರುಬಿಳಲು:
ಕೇಳಿ, ಆದರೆ ಆ ಕಾಗದ ಹಿಡಿದುಕೊಂಡು ಹೋಗಬೇಡಿ. ಮೊದಲು ಫೋಟೋಗಳನ್ನು ತೋರಿಸಿ. "ಇದು ಯಾರು?" ಅನ್ನೋ ಬದಲು "ಇದನ್ನು ತೆಗೆಸಿದ ದಿನ ಏನಾಗಿತ್ತು?" ಅಂತ ಕೇಳಿದರೆ ಹಿರಿಯರು ತಾವೇ ಮಾತಿಗೆ ಬರುತ್ತಾರೆ. ಅವರಾಗಿ ಆ ತಮ್ಮನ ಹೆಸರು ತೆಗೆದರೆ ಮುಂದೆ ಕೇಳಿ. ಮಾತು ತಪ್ಪಿಸಿದರೆ ಅವತ್ತಿಗೆ ಬಿಡಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತೆ, ಚಿಕ್ಕಜ್ಜಿಯ ನೆನಪು ಕಾಯೋದಿಲ್ಲ, ಹಾಗಾಗಿ ಸ್ಕ್ಯಾನಿಂಗ್ ಎಲ್ಲಾ ಆಮೇಲೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಜಗಳದ ಬಗ್ಗೆ ನಿಮ್ಮ ಹತ್ತಿರ ಇರೋದು ಒಂದು ಕಡೆಯವರ ಕಾಗದ ಮಾತ್ರ. ಬಂದ ಕಾಗದಗಳು ಪೆಟ್ಟಿಗೆಯಲ್ಲಿವೆ, ಅಜ್ಜಿ ಬರೆದು ಕಳಿಸಿದ್ದು ಬೇರೆ ಯಾರದ್ದೋ ಮನೆಯಲ್ಲಿದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ: ಕಾಗದದಲ್ಲಿ ಕಂಡಿದ್ದು, ಯಾರೋ ಹೇಳಿದ್ದು, ನನ್ನ ಊಹೆ. ಹೇಳಿದವರು ಯಾರು, ಯಾವತ್ತು ಅಂತಲೂ ಬರೆಯಿರಿ. ಆ ತಮ್ಮನಿಗೆ ಮಕ್ಕಳು ಮೊಮ್ಮಕ್ಕಳು ಇದ್ದರೆ ಅವರೂ ನಿಮ್ಮವರೇ ಅಲ್ವಾ, ಅವರನ್ನು ಕೇಳದೆ ಫ್ಯಾಮಿಲಿ ಗ್ರೂಪಿಗೆ ಈ ಕಾಗದದ ಫೋಟೋ ಹಾಕಬೇಡಿ. ಲಕೋಟೆಯ ಮೇಲೆ ಕಳಿಸಿದವರ ವಿಳಾಸ ಇದ್ದರೆ ಬರೆದಿಟ್ಟುಕೊಳ್ಳಿ. ಅವರ ಕಡೆಯವರನ್ನು ಹುಡುಕೋಕೆ ಅದೇ ಮೊದಲ ಸುಳಿವು.