ತೈಲ ಮಾರಿ ಬಂದ ಹಣ 'ಆದಾಯ'ವೇ? ಬೇರೆ ಪದ ಇದೆಯೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ನಾನು ಮಡಿಕೇರಿಯಲ್ಲಿ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ತೈಲವನ್ನೇ ನಂಬಿಕೊಂಡ ಬಡ ದೇಶಗಳ ಕಷ್ಟ ಏನು ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಉದಾಹರಣೆಗೆ ಯೆಮೆನ್ ತೆಗೆದುಕೊಂಡಿದ್ದೇನೆ. ಬಾಬಾಬುಡನ್ ಕಾಫಿ ಬೀಜ ತಂದದ್ದು ಅಲ್ಲಿನ ಮೋಖಾ ಬಂದರಿನಿಂದ ಅನ್ನುವ ಕಥೆ ಇಲ್ಲಿನ ಮಕ್ಕಳೆಲ್ಲ ಕೇಳಿರುತ್ತಾರೆ ಅಲ್ವಾ, ಹಾಗಾಗಿ.

ತೊಡಕಾದದ್ದು ಈ ವಾಕ್ಯದಲ್ಲಿ: 'ಯುದ್ಧಕ್ಕೆ ಮುಂಚೆ ಯೆಮೆನ್ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ತೈಲದಿಂದಲೇ ಬರುತ್ತಿತ್ತು.' ಲೆಕ್ಕ ಸರಿ ಇದೆ. ಆದರೆ ಅದನ್ನು ಆದಾಯ ಅನ್ನಲು ಮನಸ್ಸು ಒಪ್ಪುತ್ತಿಲ್ಲ.

ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಕೊಯ್ದು ಮಾರಿದರೂ ಗಿಡ ಉಳಿದಿರುತ್ತದೆ. ಹೂಮಳೆ ಸರಿಯಾಗಿ ಬಿದ್ದರೆ ಮತ್ತೆ ಫಸಲು. ಸಿಲ್ವರ್ ಓಕ್ ಮಾರುವುದು ಹಾಗಲ್ಲ. ವ್ಯಾಪಾರಿ ಬಂದು, ಟೇಪು ಹಿಡಿದು ಸುತ್ತಳತೆ ನೋಡಿ, ಕಾಂಡದ ಮೇಲೆ ಬಣ್ಣದಲ್ಲಿ ನಂಬರು ಬರೆದ ಅಂದರೆ ಮುಗಿಯಿತು. ಮರವೂ ಹೋಯಿತು, ನೆರಳೂ ಹೋಯಿತು, ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯೂ ಹೋಯಿತು. ಎರಡೂ ದುಡ್ಡು ಬ್ಯಾಂಕಿಗೆ ಒಂದೇ ಥರ ಜಮೆ ಆಗುತ್ತದೆ. ಆದರೂ ಮರದ ದುಡ್ಡನ್ನು ಯಾರೂ ಈ ವರ್ಷದ ಫಸಲು ಅನ್ನುವುದಿಲ್ಲ.

ಯೆಮೆನ್‌ನ ಮಾರಿಬ್‌ನಲ್ಲಿ ತೈಲ ಸಿಕ್ಕಿದ್ದು 1984ರಲ್ಲಿ. 2001ರ ಹೊತ್ತಿಗೆ ದಿನಕ್ಕೆ 4 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ತೆಗೆಯುತ್ತಿದ್ದರು. ಮುಂದಿನ ಹತ್ತು ವರ್ಷದಲ್ಲಿ ಅದು 3 ಲಕ್ಷಕ್ಕಿಂತ ಕೆಳಗಿಳಿಯಿತು. ಬಜೆಟ್ಟಿನಲ್ಲಿ ಮಾತ್ರ ಆ ಹಣ ತೆರಿಗೆಯ ಪಕ್ಕದಲ್ಲೇ, ಆದಾಯದ ಪಟ್ಟಿಯಲ್ಲೇ ಕೂತಿತ್ತು. ತೈಲಕ್ಕೆ ಒಳ್ಳೆ ಬೆಲೆ ಬಂದ ವರ್ಷ ಸಂಬಳ, ಸಬ್ಸಿಡಿ ಎಲ್ಲ ಏರುತ್ತವೆ. ಬೆಲೆ ಬಿದ್ದ ವರ್ಷ ಅವನ್ನು ಇಳಿಸಲು ಹೋದರೆ ಸರ್ಕಾರವೇ ಅಲ್ಲಾಡುತ್ತದೆ.

ಡೀಸೆಲ್ ವಿಷಯ ನೋಡಿ. ಇದನ್ನು ಓದಿದಾಗಿನಿಂದ ನನಗೆ ಸಂಕಟ. ಸರ್ಕಾರ ಸಬ್ಸಿಡಿ ಕೊಟ್ಟು ಡೀಸೆಲ್ ಅಗ್ಗ ಮಾಡಿತು. ರೈತರು ಆ ಡೀಸೆಲ್‌ನಿಂದ ಪಂಪು ಓಡಿಸಿ ಕೊಳವೆಬಾವಿಯ ನೀರು ಎತ್ತಿದರು. ರಾಜಧಾನಿ ಸನಾ ಸುತ್ತಮುತ್ತ ಆ ನೀರಿನಲ್ಲಿ ದೊಡ್ಡ ಪಾಲು ಹೋದದ್ದು ಖಾತ್ ಗಿಡಕ್ಕೆ. ಖಾತ್ ಅಂದರೆ ಅಮಲಿಗಾಗಿ ಅಗಿಯುವ ಎಲೆ. ಅಂತರ್ಜಲ ಪಾತಾಳಕ್ಕೆ ಇಳಿಯಿತು. ತೈಲವೂ ಖಾಲಿ, ಅದನ್ನು ಸುಟ್ಟು ಎತ್ತಿದ ನೀರೂ ಖಾಲಿ.

ಸರ್ಕಾರ ಸಬ್ಸಿಡಿ ಕಡಿಮೆ ಮಾಡಲು ಹೋದಾಗ 2005ರಲ್ಲಿ ಗಲಭೆಯಾಗಿ ಜನ ಸತ್ತರು. 2014ರ ಜುಲೈ ಕೊನೆಯಲ್ಲಿ ಮತ್ತೆ ಬೆಲೆ ಏರಿಸಿದಾಗ ಜನ ಬೀದಿಗಿಳಿದರು. ಆ ಸಿಟ್ಟಿನ ಬಲದ ಮೇಲೆ ಹೌತಿ ಬಂಡುಕೋರರು ಸೆಪ್ಟೆಂಬರ್‌ನಲ್ಲಿ ಸನಾ ಹಿಡಿದರು. ಸಬ್ಸಿಡಿ ಕೆಟ್ಟದ್ದು ಅಂತ ಪಾಠದಲ್ಲಿ ಬರೆಯುವುದು ಸುಲಭ. ಆದರೆ ದೇಶದ ತೈಲದಿಂದ ಬಡವರ ಕೈಗೆ ನೇರವಾಗಿ ಬಂದದ್ದು ಆ ಅಗ್ಗದ ಡೀಸೆಲ್ಲು, ಸೀಮೆಎಣ್ಣೆ, ಗ್ಯಾಸು ಮಾತ್ರ. ಅದನ್ನೂ ಕಿತ್ತುಕೊಂಡರೆ ಅವರು ಸುಮ್ನೆ ಇರಬೇಕಿತ್ತೇ?

ಈಗ ಪದದ ಮಾತು. 'ವರಮಾನ' ಅಂದರೂ ಅದೇ ತೊಂದರೆ. 'ಹುಟ್ಟುವಳಿ' ಇನ್ನೂ ದೂರ, ಅದರಲ್ಲಿ ಹುಟ್ಟುವ ಅರ್ಥ ಇದೆ. 'ಅಸಲು' ಹತ್ತಿರ ಬರುತ್ತದೆ, ಆದರೆ ಓದಿದ ಕೂಡಲೇ ಸಾಲ, ಬಡ್ಡಿ ನೆನಪಾಗುತ್ತದೆ. 'ರಾಜಧನ' ಗಣಿಯಿಂದ ಸರ್ಕಾರಕ್ಕೆ ಸಲ್ಲುವ ಪಾಲು. ಆ ಪಾಲು ಯಾವ ಬಗೆಯ ಹಣ ಅಂತ ಅದು ಹೇಳುವುದಿಲ್ಲ.

ನನಗೆ ಹಿಡಿಸಿರುವುದು 'ಗಂಟು'. 'ಗಂಟು ಕರಗಿತು' ಅಂದರೆ ಯಾರಿಗೂ ಅರ್ಥ ಕೇಳಬೇಕಾಗಿಲ್ಲ. ಆಫ್ರಿಕಾದ ಚಾಡ್ ದೇಶದ ಕಥೆಗೂ ಇದು ಒಗ್ಗುತ್ತದೆ. ಕ್ಯಾಮರೂನ್ ಮೂಲಕ ಸಮುದ್ರಕ್ಕೆ ತೈಲದ ಕೊಳವೆ ಹಾಕಲು ವಿಶ್ವಬ್ಯಾಂಕ್ ಸಾಲ ಕೊಟ್ಟಿತು. ಅದರ ಒತ್ತಾಯಕ್ಕೆ ಚಾಡ್ 1999ರಲ್ಲಿ ಒಂದು ಕಾನೂನು ಮಾಡಿತು: ತೈಲದ ರಾಜಧನ ಮತ್ತು ಲಾಭಾಂಶದಲ್ಲಿ ನೂರಕ್ಕೆ 10 ಮುಂದಿನ ಪೀಳಿಗೆಗೆ ಎತ್ತಿಡಬೇಕು. ತೈಲ ಹರಿಯಲು ಶುರುವಾದದ್ದು 2003ರಲ್ಲಿ. 2006ರ ಹೊತ್ತಿಗೆ ಆ ನಿಧಿಯನ್ನೇ ರದ್ದು ಮಾಡಿದರು. 2008ರಲ್ಲಿ ವಿಶ್ವಬ್ಯಾಂಕ್ ಕೈತೊಳೆದುಕೊಂಡಿತು. ಆ ನಿಧಿಗೆ 'ಇಡುಗಂಟು' ಅನ್ನೋಣ ಅಂದುಕೊಂಡೆ. ಈಗೀಗ ಆ ಪದ ನಿವೃತ್ತಿಯಾದಾಗ ಒಟ್ಟಿಗೆ ಬರುವ ಹಣಕ್ಕೆ ಅಂಟಿಕೊಂಡಿದೆ. ಆದರೆ ಮುಂದಕ್ಕೆ ಅಂತ ಕಟ್ಟಿಟ್ಟದ್ದು ಅನ್ನುವ ಅರ್ಥ ಇಲ್ಲಿಗೆ ಸರಿಹೋಗುತ್ತದೆ ಅಲ್ವಾ?

'ಗಂಟು' ಬಗ್ಗೆ ಒಂದೇ ಅಳುಕು. ಅದು ದುಡಿದು ಕೂಡಿಟ್ಟದ್ದು ಅನ್ನಿಸುತ್ತದೆ. ತೈಲವನ್ನು ಯಾರೂ ಕೂಡಿಟ್ಟಿಲ್ಲ, ಅದು ನೆಲದಲ್ಲಿ ಇದ್ದದ್ದು.

ನಿಮ್ಮ ಕಡೆ ಮರ ಅಥವಾ ಜಮೀನು ಮಾರಿ ಬಂದ ದುಡ್ಡಿಗೆ ಬೆಳೆ ದುಡ್ಡಿಗಿಂತ ಬೇರೆ ಹೆಸರು ಇದೆಯೇ? ಸೋಮವಾರಪೇಟೆ, ಸಕಲೇಶಪುರದ ಕಡೆಯವರು, ಅರೆಭಾಷೆ ಮಾತಾಡುವವರು ದಯವಿಟ್ಟು ತಿಳಿಸಿ. ಬಳ್ಳಾರಿಯ ಗಣಿ ಸೀಮೆಯವರಿಂದಲೂ ಕೇಳುವ ಆಸೆ ಇದೆ. ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆದರೆ ಪಾಠಕ್ಕೆ ಹಾಗೇ ತೆಗೆದುಕೊಳ್ಳುತ್ತೇನೆ.