ಗ್ಯಾಸ್ಟ್ರಿಕ್‌ಗೆ ಇಂಜೆಕ್ಷನ್ನೇ ಬೇಕು ಅಂತಾರೆ ಮಾವ, ಏನು ಮಾಡಲಿ?

ಹನುಮಂತನಗರದ ಸೊಸೆ:
ನಮ್ಮ ಮಾವನವರಿಗೆ 71 ವರ್ಷ. ಹೋದ ತಿಂಗಳು ವಾಂತಿ ಭೇದಿ ಜಾಸ್ತಿಯಾಗಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿದ್ದೆವು. ಡ್ರಿಪ್ ಜೊತೆಗೆ ದಿನಾ ಬೆಳಿಗ್ಗೆ ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ 40 ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದ ಮೇಲೆ ಅದೇ ಮಾತ್ರೆ ಬರೆದುಕೊಟ್ಟಿದ್ದಾರೆ. ಇವರು ಒಪ್ಪಬೇಕಲ್ಲ! "ಇಂಜೆಕ್ಷನ್ ಹಾಕಿದಾಗ ಹೊಟ್ಟೆ ಎಷ್ಟು ಹಗುರ ಇತ್ತು, ಮಾತ್ರೆ ಏನೂ ಹಿಡಿಯೋದಿಲ್ಲ" ಅಂತಾರೆ. ಗಾಂಧಿ ಬಜಾರ್‌ನಲ್ಲಿ ಮಸಾಲೆ ದೋಸೆ ತಿಂದು ಬರೋದು, ಸಂಜೆಗೆ ಎದೆ ಉರಿ, "ಕ್ಲಿನಿಕ್‌ಗೆ ನಡಿ, ಒಂದು ಸೂಜಿ ಚುಚ್ಚಿಸಿಬಿಡೋಣ" ಅನ್ನೋದು. ಆಗ ಸೂಜಿ ಹಾಕಿದ್ದ ಎಡಗೈ ನರ ಇನ್ನೂ ಹಗ್ಗದ ಹಾಗೆ ಗಟ್ಟಿಯಾಗಿದೆ, ಒತ್ತಿದರೆ ನೋವು. ಇದು ಆ ಔಷಧಿಯಿಂದಲೇ ಆಗಿದ್ದಾ? ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್ ತಗೋತಾರೆ. ಮೂತ್ರ ಹೋಗಿಸುವ ಬೀಪಿ ಮಾತ್ರೆಯೂ ಇದೆ.

ನಿವೃತ್ತ ಸಿಸ್ಟರ್:
ಮೊದಲು ಒಂದು ಮಾತು. ಸ್ಟೆಂಟ್ ಇರುವವರು ಎದೆ ಉರಿ ಅಂದರೆ ಗ್ಯಾಸ್ಟ್ರಿಕ್ ಅಂತ ನೀವೇ ತೀರ್ಮಾನ ಮಾಡಬೇಡಿ. ಬೆವರು, ಉಸಿರಾಟದ ತೊಂದರೆ, ಎಡಗೈಗೋ ದವಡೆಗೋ ಎಳೆಯುವ ನೋವು ಇದ್ದರೆ ಕ್ಲಿನಿಕ್ ಬಿಟ್ಟುಬಿಡಿ, ನೇರ ಇಸಿಜಿ ಮಾಡುವ ಕಡೆ ಹೋಗಿ. ನಿಮಗೆ ಜಯದೇವ ಹೃದ್ರೋಗ ಆಸ್ಪತ್ರೆ ಅಷ್ಟೇನೂ ದೂರ ಇಲ್ಲ. ಆಟೋ ಹುಡುಕಿಕೊಂಡು ನಿಲ್ಲದೆ 108ಕ್ಕೆ ಫೋನ್ ಮಾಡಿ. ಇದನ್ನು ಹೇಳದೆ ಉಳಿದದ್ದು ಹೇಳೋಕೆ ನನಗೆ ಮನಸ್ಸು ಬರೋದಿಲ್ಲ.

ಈಗ ಇಂಜೆಕ್ಷನ್ ವಿಷಯ. ವಾರ್ಡಿನಲ್ಲಿ ಇದು ಚಿಕ್ಕ ಬಾಟಲಿಯಲ್ಲಿ ಬಿಳಿ ಪುಡಿಯಾಗಿ ಬರುತ್ತದೆ. 10 ಎಂಎಲ್ ಸಲೈನ್ ಹಾಕಿ ಕರಗಿಸಿ, ನರಕ್ಕೆ ಕನಿಷ್ಠ 2 ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಬೇಕು. ಇಲ್ಲದಿದ್ದರೆ 100 ಎಂಎಲ್‌ಗೆ ಸೇರಿಸಿ ಕಾಲು ಗಂಟೆ ಡ್ರಿಪ್. ಮಾತ್ರೆಯಲ್ಲಿರುವುದೂ ಔಷಧಿ ಅದೇ, ಪ್ರಮಾಣವೂ ಅದೇ 40 ಮಿಲಿಗ್ರಾಂ. ಮಾತ್ರೆ ಮೇಲೆ ಒಂದು ಲೇಪನ ಇರುತ್ತದೆ. ಹೊಟ್ಟೆಯ ಆಸಿಡ್‌ಗೆ ಸಿಕ್ಕಿ ಹಾಳಾಗದೆ ಕರುಳಿಗೆ ಹೋಗಿ ಕರಗಲಿ ಅಂತ. ಅದಕ್ಕೇ ಜಗಿಯಬಾರದು, ಪುಡಿ ಮಾಡಬಾರದು.

ಹಾಗಾದರೆ ಇಂಜೆಕ್ಷನ್ ಯಾರಿಗೆ? ಬಾಯಿಗೆ ಹಾಕಿದ್ದೆಲ್ಲ ವಾಂತಿ ಆಗುವವರಿಗೆ, ಆಪರೇಷನ್ ಆಗಿ ಬಾಯಿಗೆ ಏನೂ ಕೊಡಬಾರದವರಿಗೆ, ಅಲ್ಸರ್ ಒಡೆದು ರಕ್ತ ಹೋಗುತ್ತಿರುವವರಿಗೆ. ರಕ್ತಸ್ರಾವಕ್ಕೆ ಎಂಡೋಸ್ಕೋಪಿ ಮಾಡಿದ ಮೇಲೆ ಮೊದಲು 80 ಮಿಲಿಗ್ರಾಂ, ಆಮೇಲೆ ಗಂಟೆಗೆ 8ರಂತೆ 72 ಗಂಟೆ ಬಿಡದೆ ಹಾಕುವುದೂ ಉಂಟು. ನಿಮ್ಮ ಮಾವನವರು ಆಗ ವಾಂತಿ ಮಾಡುತ್ತಿದ್ದರು, ಕೊಟ್ಟಿದ್ದು ಸರಿ. ಈಗ ದೋಸೆ ತಿನ್ನುವವರು ಮಾತ್ರೆ ನುಂಗಬಹುದು, ಅಲ್ವಾ? ಹೊಟ್ಟೆ ಹಗುರ ಅನಿಸಿದ್ದಕ್ಕೆ ಗಂಜಿ, ಮಜ್ಜಿಗೆಯ ಪಾಲೂ ಇದ್ದೀತು!

ನರ ಗಟ್ಟಿಯಾಗುವುದು ಈ ಇಂಜೆಕ್ಷನ್‌ನಲ್ಲಿ ಕಾಣುವ ತೊಂದರೆಯೇ. ಸೂಜಿ ಜಾಸ್ತಿ ದಿನ ಒಂದೇ ಕಡೆ ಇದ್ದರೂ ಆಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ, ತಿಕ್ಕಬೇಡಿ. ಕೆಂಪು ಮೇಲಕ್ಕೆ ಹರಡಿದರೆ, ಕೀವು ಅಥವಾ ಜ್ವರ ಬಂದರೆ ತಕ್ಷಣ ತೋರಿಸಿ. ತಿಂಗಳಾದರೂ ನೋವು ಹೋಗಿಲ್ಲ ಅಂದರೆ ಹೇಗೂ ಒಮ್ಮೆ ತೋರಿಸುವುದೇ ಒಳ್ಳೆಯದು. ತಲೆನೋವು, ಭೇದಿ, ವಾಕರಿಕೆ ಕೆಲವರಿಗೆ ಬರುತ್ತವೆ. ಮುಖ ಊದಿ ಉಸಿರು ಕಟ್ಟುವ ಅಲರ್ಜಿ ಅಪರೂಪ, ಆದರೆ ಬಂದರೆ ಎಮರ್ಜೆನ್ಸಿ.

ಮೆಡಿಕಲ್ ಸ್ಟೋರ್ ಮೂಲೆ:
ಸಿಸ್ಟರ್ ಸರಿಯಾಗಿ ಹೇಳಿದರು. ಒಂದು ಸೇರಿಸುತ್ತೇನೆ. ಕ್ಲೋಪಿಡೋಗ್ರೆಲ್ ತಗೊಳ್ಳುವವರಿಗೆ ಇದೇ ಜಾತಿಯ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ ಅಂತಾರೆ, ರಕ್ತ ತೆಳು ಮಾಡುವ ಕೆಲಸ ಕುಂದುತ್ತದೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಹಾಗಾಗಿ "ಯಾವುದಾದರೂ ಗ್ಯಾಸ್ ಮಾತ್ರೆ ಕೊಡಿ" ಅಂತ ಅಂಗಡಿಯಲ್ಲಿ ಕೇಳಬೇಡಿ, ಚೀಟಿ ತೋರಿಸಿ. ಇನ್ನು ಪ್ಯಾಂಟೊಪ್ರಜೋಲ್ ತಿಂಗಳುಗಟ್ಟಲೆ ತಗೊಂಡರೆ ರಕ್ತದಲ್ಲಿ ಮೆಗ್ನೀಸಿಯಂ ಇಳಿಯಬಹುದು. ಮೂತ್ರದ ಮಾತ್ರೆ ಇರುವವರಿಗೆ ಆ ಸಾಧ್ಯತೆ ಇನ್ನೂ ಜಾಸ್ತಿ. ವರ್ಷಗಟ್ಟಲೆ ಆದರೆ ಬಿ12, ಮೂಳೆ ಕಡೆಗೂ ಗಮನ ಇರಲಿ.

ಚಾಮರಾಜಪೇಟೆ ಅಜ್ಜ:
ನಮಗೆಲ್ಲ ರ‍್ಯಾನಿಟಿಡಿನ್ ಸೂಜಿ ಹಾಕುತ್ತಿದ್ದರು. ಚೆನ್ನಾಗೇ ಇತ್ತಪ್ಪ. ಅದನ್ನು ಯಾಕೆ ಬಿಟ್ಟರು?

ಮೆಡಿಕಲ್ ಸ್ಟೋರ್ ಮೂಲೆ:
ಅಜ್ಜಾ, ಅದರಲ್ಲಿ ಎನ್‌ಡಿಎಂಎ ಅನ್ನುವ ಕಲ್ಮಶ ಸಿಕ್ಕಿತು, ಕ್ಯಾನ್ಸರ್ ತರಬಹುದು ಅನ್ನುವ ಅನುಮಾನ. 2020ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆಸಿದರು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಹೋಯಿತು.

ಹನುಮಂತನಗರದ ಸೊಸೆ:
ತುಂಬಾ ಥ್ಯಾಂಕ್ಸ್. ಅವರು ಮಾತ್ರೆ ತಗೊಳ್ಳೋದು ತಿಂಡಿ ಆದ ಮೇಲೆ. ಅದೇ ಕಾರಣ ಇರಬಹುದಾ? ಎದ್ದ ತಕ್ಷಣ ಫಿಲ್ಟರ್ ಕಾಫಿ ಬೇರೆ ಬೇಕೇ ಬೇಕು.

ನಿವೃತ್ತ ಸಿಸ್ಟರ್:
ಇರಬಹುದು. ಊಟ ಬಂದಾಗಲೇ ಹೊಟ್ಟೆಯ ಆಸಿಡ್ ಪಂಪ್‌ಗಳು ಕೆಲಸ ಶುರು ಮಾಡೋದು. ಆ ಹೊತ್ತಿಗೆ ಔಷಧಿ ರಕ್ತದಲ್ಲಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಅರ್ಧ ಗಂಟೆ ಬಿಟ್ಟು ಕಾಫಿ, ತಿಂಡಿ. ಪೂರ್ತಿ ಗುಣ ಕಾಣೋಕೆ ಕೆಲವು ದಿನ ಬೇಕು, ಮೊದಲ ದಿನವೇ ಬೈಯೋದು ಬೇಡ ಅಂತ ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ವಾರ ಅಂತ ಬರೆದಿದ್ದಾರೆ ನೋಡಿ. ಬರೆದಿಲ್ಲ ಅಂದರೆ ಹೃದಯದ ಡಾಕ್ಟರನ್ನೇ ಕೇಳಿ. ಸ್ಟೆಂಟ್ ಇರುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತಲೂ ಇದನ್ನು ಕೊಡುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ.