ಅಪ್‌ಡೇಟ್: ಫೋನ್ ಈಗ ಜೋಳದ ಡಬ್ಬಿ ಮೇಲೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ವಿಜಯಪುರದಲ್ಲಿ ರಕ್ತದಾನಿಗಳನ್ನು ಹುಡುಕಿಕೊಡುವ ಗುಂಪು ನೋಡಿಕೊಳ್ಳುತ್ತೇನೆ, ರಾತ್ರಿ ನಿದ್ದೆಯೇ ಇಲ್ಲ, ಬಿಟ್ಟುಬಿಡಲಾ ಅಂತ. ಬಿಟ್ಟಿಲ್ಲ. ನಿಮ್ಮಲ್ಲೊಬ್ಬರು ಕೇಳಿದ್ದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು: "ರಕ್ತ ಕೊಟ್ಟ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು ಕೊಡ್ತೀರಿ. ನಿಮಗೆಷ್ಟು ದಿನ?" ಉತ್ತರ ಇರಲಿಲ್ಲ.

ಈಗ ನಾಲ್ವರು ಪಾಳಿ ಹಂಚಿಕೊಂಡಿದ್ದೇವೆ. ನನ್ನದು ಮಂಗಳವಾರ, ಶುಕ್ರವಾರ. ಉಳಿದ ರಾತ್ರಿ ಫೋನ್ ಅಡುಗೆಮನೆಯಲ್ಲಿ, ಜೋಳದ ಡಬ್ಬಿ ಮೇಲೆ. ಮೊದಲ ವಾರ ಎರಡು ಸಲ ಎದ್ದು ಹೋಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಮೂರನೇ ವಾರ ಒಂದು ದಿನ ಎಂಟರವರೆಗೆ ಮಲಗಿಬಿಟ್ಟೆ. ಅವ್ವ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು, ಜ್ವರ ಬಂತಾ ಅಂತ!

ಭಾನುವಾರ ಗೋಲಗುಮ್ಮಟದ ಗಾರ್ಡನ್‌ನಲ್ಲಿ ಸುಮ್ನೆ ಒಂದು ತಾಸು ಕೂತಿದ್ದೆ. ಫೋನ್ ಮನೆಯಲ್ಲೇ ಇತ್ತು.